ಹನ್ನೆರಡು ವೋಲ್ಟಿನ ಗಡಿಯೊಳಗೆ

ಕಾರಿನೊಂದಿಗೆ ಕಂಪನಿಯಿಂದಲೇ ಬಂದ ಸಬ್‌ವೂಫರ್ ಸುಟ್ಟುಹೋದರೆ, ಅದೇ ಅಳತೆಯ ಇನ್ನೊಂದನ್ನು ತಂದು ಕೂರಿಸಿದರಾಯಿತು ಎಂದು ಬಹಳ ಮಂದಿ ಭಾವಿಸುತ್ತಾರೆ. ಕೂರಿಸಿದ ಮೇಲೆ ದನಿ ಕುಗ್ಗಿರುತ್ತದೆ, ಇಲ್ಲವೇ ಕೆಲವೇ ದಿನಗಳಲ್ಲಿ ಆಂಪ್ಲಿಫೈಯರೇ ಕೈಕೊಡುತ್ತದೆ. ಕಾರಣ ಓಮ್, ಅಂದರೆ ಸ್ಪೀಕರಿನ ಸುರುಳಿ ಕರೆಂಟಿಗೆ ಒಡ್ಡುವ ತಡೆಯ ಅಳತೆ. ಮಾರುಕಟ್ಟೆಯಲ್ಲಿ ಸಿಗುವ ಕಾರ್ ಸ್ಪೀಕರುಗಳಲ್ಲಿ ಹೆಚ್ಚಿನವು 4 ಓಮ್‌ನವು. ಕಂಪನಿ ಕೂರಿಸಿದ್ದು 2 ಓಮ್ ಇರಬಹುದು, 1 ಓಮ್ ಇರಬಹುದು, ಹಳೆಯ ಅಮೆರಿಕನ್ ಕಾರಾದರೆ 10 ಓಮ್ ಕೂಡ ಇರಬಹುದು. ಗಿರಾಕಿ ಬೇರೆ ಅಂಗಡಿಗೆ ಹೋಗದಂತೆ ಕಂಪನಿಗಳು ಬೇಕೆಂದೇ ಹೀಗೆ ಮಾಡುತ್ತವೆ ಎಂಬ ಮಾತು ರಿಪೇರಿ ಅಂಗಡಿಗಳಲ್ಲಿ ಬಲವಾಗಿ ಬೇರೂರಿದೆ. ಕಾರ್ ರೇಡಿಯೋದ ಇತಿಹಾಸವನ್ನು ಹಂತಹಂತವಾಗಿ ನೋಡಿದರೆ ಈ ಮಾತು ನಿಲ್ಲುವುದಿಲ್ಲ. ಆ ವಿಚಿತ್ರ ಅಂಕಿಗಳನ್ನು ಮೊದಲು ನಿರ್ಧರಿಸಿದ್ದು ಬಾನೆಟ್ಟಿನ ಕೆಳಗಿರುವ ಬ್ಯಾಟರಿ. ವ್ಯಾಪಾರದ ಲೆಕ್ಕಾಚಾರ ಸೇರಿಕೊಂಡದ್ದು ಆಮೇಲೆ.

ವಾಲ್ವ್‌ಗಳ ಕಾಲದಲ್ಲಿ ಈ ಸಮಸ್ಯೆಯೇ ಇರಲಿಲ್ಲ. ಷಿಕಾಗೋದ ಪಾಲ್ ಗ್ಯಾಲ್ವಿನ್ 1930ರಲ್ಲಿ ಮೋಟೊರೋಲಾ ಎಂಬ ಹೆಸರಿನಲ್ಲಿ ಕಾರ್ ರೇಡಿಯೋ ಮಾರತೊಡಗಿದರು. ಮುಂದೆ ಬಹುಕಾಲ ಅಮೆರಿಕದ ಕಾರುಗಳಲ್ಲಿದ್ದದ್ದು 6 ವೋಲ್ಟಿನ ಬ್ಯಾಟರಿ. ವಾಲ್ವಿಗೆ ಬೇಕಾದದ್ದು ನೂರಾರು ವೋಲ್ಟು. ಆದ್ದರಿಂದ ವೈಬ್ರೇಟರ್ ಎಂಬ ಗುಂಯ್‌ಗುಡುವ ಸಣ್ಣ ಸಾಧನ ಬ್ಯಾಟರಿಯ ಕರೆಂಟನ್ನು ಕಡಿಕಡಿದು ಟ್ರಾನ್ಸ್‌ಫಾರ್ಮರಿಗೆ ಕೊಡುತ್ತಿತ್ತು. ಟ್ರಾನ್ಸ್‌ಫಾರ್ಮರ್ ಅದರ ವೋಲ್ಟೇಜನ್ನು ಏರಿಸುತ್ತಿತ್ತು. ಇನ್ನೊಂದು ತುದಿಯಲ್ಲಿ ವಾಲ್ವಿಗೆ ಸಾವಿರಾರು ಓಮ್‌ನ ಹೊರೆ ಬೇಕು, ಸ್ಪೀಕರಿನ ಸುರುಳಿಯದ್ದೋ ಮೂರು ನಾಲ್ಕು ಓಮ್. ಈ ಅಂತರವನ್ನು ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ತುಂಬುತ್ತಿತ್ತು. ಎಷ್ಟು ಓಮ್‌ನ ಸ್ಪೀಕರ್ ಬೇಕಾದರೂ ಅದಕ್ಕೆ ತಕ್ಕಂತೆ ತಂತಿಯ ಸುತ್ತುಗಳನ್ನು ಬದಲಿಸಿದರೆ ಸಾಕಾಗಿತ್ತು. ಹೀಗಾಗಿ ಸ್ಪೀಕರಿನ ಅಂಕಿಗೂ ಬ್ಯಾಟರಿಗೂ ನೇರ ಸಂಬಂಧವೇ ಇರಲಿಲ್ಲ.

ಟ್ರಾನ್ಸಿಸ್ಟರ್ ಬಂದು ಆ ಮಧ್ಯವರ್ತಿಗಳನ್ನೆಲ್ಲ ಒಂದೊಂದಾಗಿ ಕಳೆಯಿತು. 1955ರಲ್ಲಿ ಕ್ರೈಸ್ಲರ್ ಮತ್ತು ಫಿಲ್ಕೊ ಸೇರಿ ಪೂರ್ತಿ ಟ್ರಾನ್ಸಿಸ್ಟರಿನ ಕಾರ್ ರೇಡಿಯೋವನ್ನು ಪ್ರಕಟಿಸಿದವು. ಅದೇ ಹೊತ್ತಿಗೆ ಅಮೆರಿಕದ ಕಾರುಗಳು 6 ವೋಲ್ಟಿನಿಂದ 12 ವೋಲ್ಟಿಗೆ ಹೊರಳುತ್ತಿದ್ದವು. ಟ್ರಾನ್ಸಿಸ್ಟರ್ ಬ್ಯಾಟರಿಯ ವೋಲ್ಟೇಜಿನಲ್ಲೇ ಕೆಲಸ ಮಾಡುವುದರಿಂದ ವೈಬ್ರೇಟರ್ ಮೂಲೆಗೆ ಸರಿಯಿತು. ಜನರಲ್ ಮೋಟರ್ಸಿನ ಡೆಲ್ಕೋ ವಿಭಾಗ ಒಂದೇ ದೊಡ್ಡ ಜರ್ಮೇನಿಯಂ ಟ್ರಾನ್ಸಿಸ್ಟರನ್ನು ಚೋಕ್ ಸುರುಳಿಯ ಜೊತೆ ಬಳಸುವ ದಾರಿ ಹಿಡಿಯಿತು. ಚೋಕ್ ತನ್ನಲ್ಲಿ ಶಕ್ತಿ ಹಿಡಿದಿಟ್ಟು ಮರಳಿಸುವುದರಿಂದ ದನಿಯ ಅಲೆ ಬ್ಯಾಟರಿಯ ವೋಲ್ಟೇಜನ್ನು ಮೀರಿಯೂ ಏರಬಲ್ಲದು. ಆದ್ದರಿಂದಲೇ 10 ಓಮ್‌ನಂಥ ದೊಡ್ಡ ಅಂಕಿಯ ಸ್ಪೀಕರ್ ಅಲ್ಲಿ ನಡೆಯಿತು. ಮುಂದೆ ಗಿರಾಕಿಗಳು ಅಂಥ ರೇಡಿಯೋಗಳಿಗೆ ಹೊರಗಿನ 4 ಓಮ್ ಸ್ಪೀಕರ್ ಜೋಡಿಸಿದಾಗ ಔಟ್‌ಪುಟ್ ಟ್ರಾನ್ಸಿಸ್ಟರಿಗೆ ತಡೆಯಲಾಗದಷ್ಟು ಕರೆಂಟ್ ಹರಿಯುತ್ತಿತ್ತು. ಬಿಡಿ ಸ್ಪೀಕರುಗಳ ದೊಡ್ಡ ಮಾರುಕಟ್ಟೆ ಬೆಳೆಯುವ ಮೊದಲೇ ಹುಟ್ಟಿದ ಈ 10 ಓಮ್ ಅನ್ನು ಗಿರಾಕಿಯನ್ನು ಹಿಡಿದಿಡುವ ಬಲೆ ಎಂದು ಓದುವುದು ಕಷ್ಟ.

ಭಾರ, ಜಾಗ, ಬೆಲೆ ಮೂರನ್ನೂ ಉಳಿಸಲು ಚೋಕನ್ನೂ ಕೈಬಿಟ್ಟಾಗ ಬ್ಯಾಟರಿಯ ಮಿತಿ ಪೂರ್ತಿ ಬಯಲಾಯಿತು. ಎಂಜಿನ್ ಓಡುವಾಗ ಸಿಗುವುದು ಸುಮಾರು 14.4 ವೋಲ್ಟ್. ಸಾದಾ ಜೋಡಣೆಯಲ್ಲಿ ದನಿಯ ಅಲೆ ನಡುವಿನಿಂದ ಮೇಲಕ್ಕೆ 7.2, ಕೆಳಕ್ಕೆ 7.2 ವೋಲ್ಟ್ ಮಾತ್ರ ಚಲಿಸಬಲ್ಲದು. ಲೆಕ್ಕ ಹಾಕಿದರೆ 8 ಓಮ್ ಸ್ಪೀಕರಿಗೆ ಮೂರೂಕಾಲು ವ್ಯಾಟ್, 4 ಓಮ್‌ಗೆ ಆರೂವರೆ ವ್ಯಾಟ್. ಅದಕ್ಕಿಂತ ಹೆಚ್ಚು ಬೇಕೆಂದರೆ ಅಲೆಯ ತುದಿಗಳು ಕತ್ತರಿಸಿಹೋಗಿ ದನಿ ಒಡೆಯುತ್ತದೆ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಬಿಡಿಭಾಗ ಕೊಂಡವರಿಗೆಲ್ಲ ಗೊತ್ತಿರುವ ಟಿಡಿಎ 2003 ಚಿಪ್ಪನ್ನೇ ನೋಡಿ. ಕಾರ್ ರೇಡಿಯೋಗೆಂದೇ ಮಾಡಿದ ಈ ಚಿಪ್ಪಿನ ತಯಾರಕರ ಪಟ್ಟಿಯಲ್ಲಿರುವುದು 14.4 ವೋಲ್ಟಿನಲ್ಲಿ 4 ಓಮ್‌ಗೆ 6 ವ್ಯಾಟ್, 2 ಓಮ್‌ಗೆ 10 ವ್ಯಾಟ್. ಮನೆಯ ಸ್ಪೀಕರುಗಳು 8 ಓಮ್‌ನಲ್ಲೇ ಇರುವಾಗ ಕಾರಿನವು 4ಕ್ಕೆ ಇಳಿದದ್ದು ಇದೇ ಲೆಕ್ಕದಿಂದ. ಎರಡು ಆಂಪ್ಲಿಫೈಯರುಗಳನ್ನು ಎದುರುಬದುರಾಗಿ ಜೋಡಿಸುವ ಬ್ರಿಜ್ ವಿಧಾನ ಈ ಶಕ್ತಿಯನ್ನು ನಾಲ್ಕು ಪಟ್ಟು ಮಾಡಿತು, 4 ಓಮ್‌ಗೆ 26 ವ್ಯಾಟ್. ಅಲ್ಲಿಗೆ ಆ ಹಾದಿಯೂ ಮುಗಿಯಿತು.

ಮುಂದೆ ಉಳಿದದ್ದು ಎರಡೇ ದಾರಿ: ವೋಲ್ಟೇಜನ್ನು ಏರಿಸುವುದು, ಇಲ್ಲವೇ ಓಮ್ ಅನ್ನು ಇಳಿಸುವುದು. ಬಿಡಿ ಆಂಪ್ಲಿಫೈಯರ್ ಮಾರುವವರು ಮೊದಲನೆಯದನ್ನು ಆಯ್ದರು; ಪೆಟ್ಟಿಗೆಯೊಳಗೇ 12 ವೋಲ್ಟನ್ನು ಮೇಲೇರಿಸುವ ಸರ್ಕ್ಯೂಟ್ ಹಾಕಿದರು. ಅದು ದುಬಾರಿ, ಬಿಸಿಯೂ ಹೆಚ್ಚು. ಕಾರು ತಯಾರಕರಿಗೆ ಎರಡನೆಯದು ಅಗ್ಗವಾಗಿ ಕಂಡಿತು. 1983ರ ಮಾದರಿಯ ಕೆಲವು ಕ್ಯಾಡಿಲ್ಯಾಕ್, ಬ್ಯೂಕ್, ಓಲ್ಡ್ಸ್‌ಮೊಬಿಲ್ ಕಾರುಗಳಲ್ಲಿ ಡೆಲ್ಕೋ ಮತ್ತು ಬೋಸ್ ಜಂಟಿಯಾಗಿ ತಂದ ವ್ಯವಸ್ಥೆ ಈ ಹಾದಿಯ ದೊಡ್ಡ ಮೈಲಿಗಲ್ಲು. ಬೋಸ್ ಕಂಪನಿ ಕಟ್ಟಿದ ಅಮರ್ ಬೋಸ್ ಮನೆಗಾಗಿ ತಂದ 901 ಸ್ಪೀಕರಿನಲ್ಲಿ 0.9 ಓಮ್‌ನ ಒಂಬತ್ತು ಸಣ್ಣ ಸ್ಪೀಕರುಗಳನ್ನು ಸಾಲಾಗಿ ಪೋಣಿಸಿ 8 ಓಮ್ ಮಾಡಿದ್ದರು. ಕಡಿಮೆ ಓಮ್‌ನ ಸುರುಳಿ ಅವರಿಗೆ ಹೊಸದಲ್ಲ. ಕಾರಿನಲ್ಲಿ ಒಂದೊಂದು ಸ್ಪೀಕರಿನ ಪಕ್ಕದಲ್ಲೇ ಅದರದೇ ಆಂಪ್ಲಿಫೈಯರ್ ಇಟ್ಟದ್ದಕ್ಕೆ ಬಲವಾದ ಕಾರಣ ಇದೆ. 8 ಓಮ್ ಸ್ಪೀಕರಿಗೆ 0.2 ಓಮ್‌ನ ತಂತಿ ಎಳೆದರೆ ನಷ್ಟ ನಲವತ್ತೊಂದರಲ್ಲಿ ಒಂದು ಪಾಲು. 1 ಓಮ್ ಸ್ಪೀಕರಿಗೆ ಅದೇ ತಂತಿ ಎಳೆದರೆ ಆರರಲ್ಲಿ ಒಂದು ಪಾಲು ಶಕ್ತಿ ದಾರಿಯಲ್ಲೇ ಕರಗಿಹೋಗುತ್ತದೆ. ಓಮ್ ಇಳಿಸಿದವರು ತಂತಿಯನ್ನೂ ಗಿಡ್ಡವಾಗಿಸಲೇಬೇಕಿತ್ತು.

ಇದಕ್ಕೊಂದು ಆಕ್ಷೇಪ ಬರುವುದು ನ್ಯಾಯವೇ: ಕಾರಣ ತಾಂತ್ರಿಕವಾದರೂ ಲಾಭ ಆದದ್ದು ಕಂಪನಿಗೆ ತಾನೆ? ಹೌದು. ಬಿಡಿಭಾಗ ಅವರಲ್ಲೇ ಕೊಳ್ಳಬೇಕಾಯಿತು, ಹೊರಗಿನವರು ಕಷ್ಟಪಟ್ಟರು. ನನ್ನ ತಕರಾರು ಅಂಕಿಯ ಬಗ್ಗೆ ಅಲ್ಲ, ಅದನ್ನು ಹೇಳದೆ ಬಿಡುವುದರ ಬಗ್ಗೆ. ಎಷ್ಟೋ ಸ್ಪೀಕರುಗಳ ಬೆನ್ನಿನ ಮೇಲೆ ಪಾರ್ಟ್ ನಂಬರ್ ಇರುತ್ತದೆ, ಓಮ್ ಇರುವುದಿಲ್ಲ. ಅದನ್ನು ಅಚ್ಚು ಹಾಕಲು ಯಾವ ಖರ್ಚೂ ಇಲ್ಲ. ರಿಪೇರಿ ಮಾಡುವವರಿಂದ ಆ ಒಂದು ಅಂಕಿಯನ್ನು ಮರೆಮಾಡುವುದು ಸರಿಯಲ್ಲ.

ಇನ್ನೊಂದು ಆಕ್ಷೇಪ: 2 ಓಮ್ ಇದ್ದಲ್ಲಿ 4 ಓಮ್ ಹಾಕಿದರೆ ಶಕ್ತಿ ಅರ್ಧವಾಗುತ್ತದೆ, ಅಂದರೆ 3 ಡೆಸಿಬೆಲ್ ಕಡಿಮೆ, ಕಿವಿಗೆ ಅದು ಅಲ್ಪ ವ್ಯತ್ಯಾಸ, ಯಾಕಿಷ್ಟು ಚಿಂತೆ? ಆಂಪ್ಲಿಫೈಯರಿನ ಸುರಕ್ಷತೆಯ ಮಟ್ಟಿಗೆ ಈ ಮಾತು ಸರಿ. ಅಂಕಿ ಹೆಚ್ಚಾದರೆ ಅಪಾಯವಿಲ್ಲ. 4 ಇದ್ದಲ್ಲಿ 2 ಹಾಕಿದರೆ ಮಾತ್ರ ಕರೆಂಟ್ ಇಮ್ಮಡಿಯಾಗಿ ಔಟ್‌ಪುಟ್ ಚಿಪ್ ಬೇಯುತ್ತದೆ. ಆದರೆ ಕಂಪನಿಯ ಆಂಪ್ಲಿಫೈಯರಿನಲ್ಲಿ ಯಾವ ಸ್ವರವನ್ನು ಎಷ್ಟು ಎತ್ತಬೇಕು ಎಂಬುದು ಹಳೆಯ ಸ್ಪೀಕರಿಗೆ ಮತ್ತು ಅದರ ಪೆಟ್ಟಿಗೆಗೆ ತಕ್ಕಂತೆ ಮೊದಲೇ ನಿಗದಿಯಾಗಿರುತ್ತದೆ. ಆಸ್ಟ್ರೇಲಿಯಾದ ನೆವಿಲ್ ಥೀಲ್ 1961ರಲ್ಲಿ, ಆಮೇಲೆ ರಿಚರ್ಡ್ ಸ್ಮಾಲ್ 1970ರ ದಶಕದಲ್ಲಿ ತೋರಿಸಿದ್ದು ಇದನ್ನೇ: ಕೋನಿನ ತೂಕ, ಅಂಚಿನ ಬಿಗಿ, ಆಯಸ್ಕಾಂತದ ಬಲ, ಪೆಟ್ಟಿಗೆಯ ಗಾಳಿ ಎಲ್ಲ ಸೇರಿಯೇ ತಗ್ಗಿನ ದನಿ ಹುಟ್ಟುತ್ತದೆ. ಓಮ್ ಸರಿಹೊಂದಿದ ಮೇಲೂ ಈ ಗುಣಗಳು ಹೊಂದದಿದ್ದರೆ ದನಿ ಗುಂಯ್‌ಗುಟ್ಟುತ್ತದೆ ಇಲ್ಲವೇ ಒಣಗುತ್ತದೆ.

ಕಷ್ಟ ಇರುವುದು ಇನ್ನೊಂದು ಕಡೆ. ಸುರುಳಿ ಸುಟ್ಟು ತುಂಡಾದ ಸ್ಪೀಕರಿಗೆ ಮಲ್ಟಿಮೀಟರ್ ಹಿಡಿದರೆ ಏನೂ ತೋರಿಸುವುದಿಲ್ಲ. ಬೇಕಾದ ಅಂಕಿ ಸ್ಪೀಕರಿನೊಂದಿಗೇ ಸುಟ್ಟಿರುತ್ತದೆ. ಅಂಥಲ್ಲಿ ಅಂದಾಜಿಗೆ 4 ಎಂದುಕೊಳ್ಳುವ ಬದಲು ಉಳಿದ ಸಾಕ್ಷಿಗಳನ್ನು ಕೇಳಬೇಕು. ಸಬ್‌ವೂಫರಿನಲ್ಲಿ ಎರಡು ಸುರುಳಿಗಳಿದ್ದರೆ ಒಂದು ಬದುಕಿರಬಹುದು. ಮೀಟರಿನಲ್ಲಿ ಸುಮಾರು 3.2ರಿಂದ 3.6 ತೋರಿಸಿದರೆ ಅದು 4 ಓಮ್‌ನದು, 1.6ರಿಂದ 1.8 ಇದ್ದರೆ 2 ಓಮ್‌ನದು. ಎರಡೂ ಸತ್ತಿದ್ದರೆ ಆಂಪ್ಲಿಫೈಯರ್ ಬಿಚ್ಚಿ ಔಟ್‌ಪುಟ್ ಚಿಪ್ಪಿನ ನಂಬರ್ ಓದಿ, ಎಷ್ಟು ಓಮ್ ತನಕ ಅದು ತಡೆಯಬಲ್ಲದೆಂದು ತಯಾರಕರ ಪಟ್ಟಿಯಲ್ಲಿ ನೋಡಬೇಕು. ಹೊಸದಾಗಿ ಕೊಳ್ಳುವಾಗ 2 ಓಮ್‌ನ ಎರಡು ಸುರುಳಿಯ ಸಬ್‌ವೂಫರ್ ಆಯ್ದರೆ ಸಾಲಾಗಿ ಜೋಡಿಸಿ 4, ಪಕ್ಕಪಕ್ಕ ಜೋಡಿಸಿ 1 ಓಮ್ ಮಾಡಿಕೊಳ್ಳಬಹುದು. 4 ಓಮ್‌ನ ಎರಡು ಸುರುಳಿಯದ್ದಾದರೆ 8 ಇಲ್ಲವೇ 2.