ಮನೆಮಗನ ಕಥೆ ಯಾವ ಸಿನಿಮಾದಲ್ಲಿದೆ?

ದಕ್ಷಿಣ ಭಾರತದ ಮೊದಲ ಕಥಾಚಿತ್ರ ‘ಕೀಚಕ ವಧಂ’. ಮದರಾಸಿನಲ್ಲಿ ಆರ್. ನಟರಾಜ ಮೊದಲಿಯಾರ್ ೧೯೧೭-೧೮ರ ಸುಮಾರಿಗೆ ತೆಗೆದ ಮೂಕಿಚಿತ್ರ. ಅದರ ಪ್ರತಿ ಉಳಿದಿಲ್ಲ. ಕಥೆ ಮಾತ್ರ ನಮಗೆಲ್ಲ ಗೊತ್ತು: ವಿರಾಟನ ಅರಮನೆ, ಅಲ್ಲಿ ಆಳಾಗಿ ಸೇರಿದ ಪಾಂಡವರು, ರಾಣಿಯ ತಲೆ ಬಾಚುವ ಸೈರಂಧ್ರಿ, ಅವಳ ಮೇಲೆ ಕಣ್ಣು ಹಾಕಿದ ರಾಣಿಯ ತಮ್ಮ. ಆ ವಿರಾಟನಗರ ನಮ್ಮೂರೇ ಅಂತ ಹಾನಗಲ್ಲಿನವರು ಹೇಳುತ್ತಾರೆ. ಶಾಸನಗಳ ಪಾನುಂಗಲ್ಲಿಗೆ ವಿರಾಟನ ಕೋಟೆ ಎಂಬ ಹೆಸರೂ ಇದೆ. ರಾಜಸ್ಥಾನದ ಬೈರಾಟದವರೂ ಇದೇ ಮಾತು ಹೇಳುತ್ತಾರೆ. ಆ ಜಗಳ ನಮಗೆ ಬೇಡ. ನಮ್ಮ ಪ್ರಶ್ನೆ ಬೇರೆ. ದೊಡ್ಡಮನೆಯ ಸಿನಿಮಾದಲ್ಲಿ ಆಳು ಎಲ್ಲಿದ್ದಾನೆ?

ವಿರಾಟನ ಮನೆಯಲ್ಲಿ ಅಡುಗೆಯವನು ಭೀಮ, ಕುದುರೆ ನೋಡುವವನು ನಕುಲ, ದನ ಕಾಯುವವನು ಸಹದೇವ. ಎಲ್ಲರೂ ವೇಷ ಹಾಕಿದ ಅರಸರೇ. ತುಂಬಿದ ಸಭೆಯಲ್ಲಿ ಕೀಚಕ ಸೈರಂಧ್ರಿಯನ್ನು ಒದ್ದಾಗ ನಮ್ಮ ಕಣ್ಣು ತುಂಬುತ್ತದೆ, ಯಾಕಂದರೆ ಅವಳು ದ್ರೌಪದಿ ಅಂತ ನಮಗೆ ಗೊತ್ತು. ಅಂಥ ಮನೆಗಳಲ್ಲಿ ಹುಟ್ಟಿದಂದಿನಿಂದ ತಲೆ ಬಾಚಿದ, ನೀರು ಹೊತ್ತ ಹೆಂಗಸರು ಇರಲಿಲ್ಲವೆ? ಅವರ ಊಳಿಗಕ್ಕೆ ಒಂದು ವರ್ಷದ ಗಡುವು ಇರಲಿಲ್ಲ. ಅವರಿಗಾಗಿ ಅಡುಗೆಮನೆಯಿಂದ ಎದ್ದು ಬರುವ ಭೀಮನೂ ಇರಲಿಲ್ಲ. ಹಂಗಾಗಿ ಅವರ ಪಾಡು ಕಥೆಯೇ ಆಗಲಿಲ್ಲ.

ಶಿಗ್ಗಾಂವಿ ತಾಲ್ಲೂಕಿನ ಬಾಡಕ್ಕೆ ಬನ್ನಿ. ಇದು ಕನಕದಾಸರು ಹುಟ್ಟಿದ ಊರು. ೧೯೬೦ರಲ್ಲಿ ವೈ.ಆರ್. ಸ್ವಾಮಿ ನಿರ್ದೇಶಿಸಿದ, ರಾಜ್‌ಕುಮಾರ್ ನಟಿಸಿದ ‘ಭಕ್ತ ಕನಕದಾಸ’ವನ್ನು ನಮ್ಮ ಹಳ್ಳಿಗಳು ಕಣ್ಣೀರು ಹಾಕಿ ನೋಡಿದವು. ಅಲ್ಲಿಯೂ ನಾಯಕನಾಗಿದ್ದವನೇ ದಾಸನಾಗುತ್ತಾನೆ. ಬಿಟ್ಟು ಬರಲಿಕ್ಕೆ ಅವನಿಗೆ ಅಧಿಕಾರವಿತ್ತು. ಬಿಡಲಿಕ್ಕೆ ಏನೂ ಇಲ್ಲದವನ ಮುಂದೆ ಯಾವ ಗೋಡೆ ಬಿರಿಯಿತು? ಆದರೂ ಕನಕ ನಮ್ಮವನು. ‘ರಾಮಧಾನ್ಯಚರಿತೆ’ಯಲ್ಲಿ ಅಕ್ಕಿಯ ಎದುರು ರಾಗಿಯ ಪರವಾಗಿ ನಿಂತ ಕವಿ ಅವನು, ಕುಲವನ್ನೇ ಪ್ರಶ್ನಿಸಿದವನು. ಈಚೆಗೆ ಬಾಡದಲ್ಲಿ ಸರ್ಕಾರ ಅವನ ಹೆಸರಿನಲ್ಲಿ ಹೊಸದೊಂದು ಅರಮನೆ ಕಟ್ಟಿಸಿದೆ. ಯಾವುದನ್ನು ಬಿಟ್ಟು ಹೋದನೋ ಅದನ್ನೇ ಅವನ ಸ್ಮಾರಕ ಮಾಡಿದರು.

ಹಂಗಾದರೆ ಆಳುಗಳು ಚರಿತ್ರೆಯಲ್ಲಿ ಇಲ್ಲವೇ ಇಲ್ಲವೆ? ಇದ್ದಾರೆ, ಒಡೆಯನಿಗಾಗಿ ಸತ್ತಾಗ. ಗಂಗ ಅರಸ ನೀತಿಮಾರ್ಗ ೯ನೇ ಶತಮಾನದಲ್ಲಿ ತೀರಿಕೊಂಡಾಗ ಅವನ ಸೇವಕ ಅಗರಯ್ಯ ಕೀಳ್ಗುಂಟೆಯಾದ, ಅಂದರೆ ಒಡೆಯನ ಜೊತೆಗೆ ಪ್ರಾಣಬಿಟ್ಟ. ಮೈಸೂರು ಸೀಮೆಯ ದೊಡ್ಡಹುಂಡಿಯ ಕಲ್ಲು ಅವನ ಹೆಸರನ್ನು ಉಳಿಸಿದೆ. ಬದುಕಿ ದುಡಿದವನಿಗೆ ಕಲ್ಲಿಲ್ಲ, ಸತ್ತವನಿಗೆ ಕಲ್ಲು. ನಂಬಿಕೆಯ ಆಳಿಗೆ ‘ಮನೆಮಗ’ ಎನ್ನುವುದು ಹಳೆಯ ಮಾತು. ಅದಿನ್ನೂ ಸತ್ತಿಲ್ಲ. “ನೀ ನಮ್ಮ ಮನೀ ಮಗ ಇದ್ದಂಗ” ಅಂತ ಬೆನ್ನು ಸವರಿ, ಬೇರೆ ತಾಟಿನಲ್ಲಿ ಹೊರಗೆ ಉಣ್ಣಲಿಕ್ಕೆ ಇಟ್ಟವರನ್ನು ನಾವು ಬಲ್ಲೆವು. ೧೯೭೬ರ ಕಾಯಿದೆ ಜೀತವನ್ನು ರದ್ದು ಮಾಡಿತು. ಮನೆಮಗನಿಗೆ ಹೊಲದಲ್ಲಿ ಪಾಲು ಬಂತೆ?

ಈ ಪ್ರಶ್ನೆಯನ್ನು ಪರದೆಗೆ ತಂದದ್ದು ೧೯೭೫ರ ‘ಚೋಮನ ದುಡಿ’. ಶಿವರಾಮ ಕಾರಂತರ ಕಾದಂಬರಿ, ಬಿ.ವಿ. ಕಾರಂತರ ಚಿತ್ರ, ದೇಶದ ಅತ್ಯುತ್ತಮ ಚಿತ್ರವೆಂದು ಸ್ವರ್ಣಕಮಲ ಪಡೆಯಿತು. ಒಡೆಯ ಸಂಕಪ್ಪಯ್ಯನ ಮನೆಯನ್ನು ಅಲ್ಲಿ ನಾವು ಚೋಮ ನಿಂತಲ್ಲಿಂದ ನೋಡುತ್ತೇವೆ. ಚೋಮ ವೇಷ ಹಾಕಿದ ಅರಸನಲ್ಲ. ಅವನು ಬೇಡಿದ್ದು ಉಳಲಿಕ್ಕೆ ಒಂದು ತುಂಡು ನೆಲ. ಅದು ಸಿಗದೆಯೇ ಸತ್ತ.

ಇನ್ನು ಸವಣೂರು. ನವಾಬರ ಮನೆತನ, ಹೈದರಾಲಿಯ ಮನೆಯೊಂದಿಗೆ ಬೀಗತನ, ೧೭೫೬ರಲ್ಲಿ ಪೇಶ್ವೆಯ ಮುತ್ತಿಗೆ, ೧೯೪೮ರಲ್ಲಿ ಮುಂಬಯಿ ಪ್ರಾಂತದಲ್ಲಿ ವಿಲೀನ. ಸಿನಿಮಾಕ್ಕೆ ಬೇಕಾದ ಕುದುರೆ, ಜರತಾರಿ, ಕಣ್ಣೀರು ಎಲ್ಲ ಇದರಲ್ಲಿದೆ. ಆದರೆ ಅದೇ ಸವಣೂರಿನಲ್ಲಿ ೨೦೧೦ರ ಜುಲೈ ತಿಂಗಳಲ್ಲಿ ಭಂಗಿ ಸಮುದಾಯದವರು ಪುರಸಭೆಯ ಮುಂದೆ ನಿಂತು ಮಲವನ್ನು ತಮ್ಮ ಮೈಮೇಲೆ ಸುರಿದುಕೊಂಡರು. ಬಹುಕಾಲದಿಂದ ಬಾಳಿದ ಜಾಗದಿಂದ ತಮ್ಮನ್ನು ಎಬ್ಬಿಸಬೇಡಿ ಎಂಬುದು ಅವರ ಕೂಗು. ಮಲ ಹೊರಿಸುವುದನ್ನು ನಿಷೇಧಿಸಿದ ಕಾಯಿದೆ ಬಂದು ಆಗಲೇ ೧೭ ವರ್ಷವಾಗಿತ್ತು. ಸವಣೂರಿನ ಚರಿತ್ರೆಯನ್ನು ಸಿನಿಮಾ ಮಾಡುವವರು ಈ ದೃಶ್ಯವನ್ನು ಬಿಟ್ಟರೆ ಅದು ಅರ್ಧ ಚರಿತ್ರೆ.

ಹಳ್ಳಿ ಶಾಲೆಯ ಮಾಸ್ತರರೇ, ಗೆಳೆಯರೇ, ಹಾನಗಲ್ಲಿನಿಂದ ಹಿರೇಕೆರೂರಿನ ತನಕ ಪ್ರತಿ ಊರಲ್ಲೂ ಒಂದು ವಾಡೆಯ ನೆನಪಿದೆ, ಅದರ ಹಿಂದೆ ಒಂದು ಕೇರಿಯಿದೆ. ವಾಡೆಯ ವಂಶಾವಳಿ ಬರೆದಿಟ್ಟವರು ಬೇಕಾದಷ್ಟು ಜನ. ಕೇರಿಯ ಮುದುಕ ಮುದುಕಿಯರ ಹತ್ತಿರ ಕೂತು ಕೇಳಿರಿ: ಯಾರು ನೀರು ಹೊತ್ತರು, ಯಾರು ಸೆಗಣಿ ಬಳಿದರು, ಯಾರ ಸಾಲಕ್ಕೆ ಯಾರ ಮಗ ದುಡಿದ? ಕೇಳಿದ್ದನ್ನು ಹೆಸರು ಸಮೇತ ಬರೆದಿಡಿ. ಹೇಳುವವರು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ.