ಹರಿಹರದ ವ್ಯವಹಾರಚರಿತ್ರೆ: ವಾಣಿಜ್ಯ ವಿದ್ಯಾರ್ಥಿಗಳು ಬಿಟ್ಟ ವಿಷಯಗಳು

ದಾವಣಗೆರೆ, ಹರಿಹರಗಳ ಸುತ್ತಮುತ್ತ ವಾಣಿಜ್ಯಶಾಸ್ತ್ರ, ಅರ್ಥಶಾಸ್ತ್ರ ಅಥವಾ ನಿರ್ವಹಣಾಶಾಸ್ತ್ರವನ್ನು ವ್ಯಾಸಂಗ ಮಾಡುವ ವಿದ್ಯಾರ್ಥಿಗಳು ಪದವಿಯ ಕೊನೆಯ ಹಂತದಲ್ಲಿ ಒಂದು ಕಿರುಪ್ರಬಂಧವನ್ನು ಒಪ್ಪಿಸುವುದು ವಾಡಿಕೆ. ಆರಿಸಿಕೊಳ್ಳುವ ವಿಷಯಗಳು ಬಹುಮಟ್ಟಿಗೆ ಒಂದೇ ಅಚ್ಚಿನವು: ಯಾವುದೋ ಸಂಸ್ಥೆಯ ಐದು ವರ್ಷಗಳ ಅಢಾವೆ ಪತ್ರಿಕೆಯ ಅನುಪಾತ ವಿಶ್ಲೇಷಣೆ, ದುಡಿಯುವ ಬಂಡವಾಳದ ನಿರ್ವಹಣೆ, ನೌಕರರ ತೃಪ್ತಿ, ಗ್ರಾಹಕರ ಒಲವು. ಪ್ರಶ್ನಾವಳಿಯೊಂದನ್ನು ನೂರು ಜನರಿಗೆ ಹಂಚಿ, ಉತ್ತರಗಳನ್ನು ಶೇಕಡಾವಾರು ಕೋಷ್ಟಕಕ್ಕೆ ಇಳಿಸಿದರೆ ಪ್ರಬಂಧವು ಸಿದ್ಧವಾಯಿತು. ಅದರಲ್ಲಿ ಹರಿಹರದ ಹೆಸರನ್ನು ತೆಗೆದು ಮತ್ತೊಂದು ಊರಿನ ಹೆಸರನ್ನು ಬರೆದರೂ ಬಾಧಕವಿಲ್ಲ. ಆದರೆ ಈ ಊರಿನ ವ್ಯವಹಾರಚರಿತ್ರೆಯು ಹಾಗೆ ಅದಲುಬದಲು ಮಾಡಲು ಬರುವಂಥದ್ದಲ್ಲ.

ಲೆಕ್ಕವನ್ನು ವಿದ್ಯೆಯೆಂದು ಭಾವಿಸಿ ಅಭ್ಯಾಸ ಮಾಡಿದ ಪರಂಪರೆಯು ಕನ್ನಡ ನಾಡಿಗೆ ಹೊಸದಲ್ಲ. ವೆನಿಸ್ ನಗರದಲ್ಲಿ ಲೂಕಾ ಪಾಚಿಯೋಲಿಯು ಜೋಡಿ ನಮೂದಿನ ಲೆಕ್ಕಪದ್ಧತಿಯನ್ನು ಗ್ರಂಥರೂಪದಲ್ಲಿ ಮುದ್ರಿಸಿದ್ದು 1494ರಲ್ಲಿ. ಅದಕ್ಕೆ ಆರು ಶತಮಾನಗಳಿಗೂ ಹಿಂದೆ, ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಮಹಾವೀರಾಚಾರ್ಯರು ‘ಗಣಿತಸಾರಸಂಗ್ರಹ’ವನ್ನು ರಚಿಸಿದರು. ಅದರ ಮಿಶ್ರಕವ್ಯವಹಾರವೆಂಬ ಭಾಗದಲ್ಲಿ ಬಡ್ಡಿ, ಪಾಲುಗಾರಿಕೆಯ ಹಂಚಿಕೆ, ಚಿನ್ನದ ಬೆರಕೆ ಮುಂತಾದ ಅಂಗಡಿ ಬೀದಿಯ ಪ್ರಶ್ನೆಗಳೇ ಇವೆ. 1912ರಲ್ಲಿ ಮದರಾಸಿನಲ್ಲಿ ಎಂ. ರಂಗಾಚಾರ್ಯರು ಅದನ್ನು ಇಂಗ್ಲಿಷ್ ಅನುವಾದದೊಂದಿಗೆ ಪ್ರಕಟಿಸಿದ ಮೇಲೆ ಹೊರಜಗತ್ತು ಅದರ ಕಡೆಗೆ ಕಣ್ಣು ತೆರೆಯಿತು. ಹನ್ನೆರಡನೆಯ ಶತಮಾನದ ಜೈನಕವಿ ರಾಜಾದಿತ್ಯನಂತೂ ‘ವ್ಯವಹಾರಗಣಿತ’ವನ್ನು ಕನ್ನಡದಲ್ಲಿಯೇ ಬರೆದನು. ಕನ್ನಡದಲ್ಲಿ ಗಣಿತವನ್ನು ಶಾಸ್ತ್ರವಾಗಿ ಬರೆದ ಮೊದಲಿಗನೆಂದು ಅವನನ್ನು ವಿದ್ವಾಂಸರು ಗುರುತಿಸುತ್ತಾರೆ.

ಈ ಪರಂಪರೆಯಲ್ಲಿ ಎಣಿಕೆ ಮತ್ತು ಆಚಾರಗಳು ಬೇರೆ ಬೇರೆ ಕೋಣೆಗಳಲ್ಲಿ ವಾಸಿಸಲಿಲ್ಲ. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವು ಶ್ರಾವಕರ ವ್ರತಗಳಿಗೆ ತಗಲುವ ಅತಿಚಾರಗಳನ್ನು ಹೇಳುವಾಗ ಸತ್ಯಾಣುವ್ರತದ ಕೆಳಗೆ ಕೂಟಲೇಖವನ್ನೂ ನ್ಯಾಸಾಪಹಾರವನ್ನೂ ಸೇರಿಸುತ್ತದೆ. ಎಂದರೆ ಸುಳ್ಳು ಬರಹ ಮತ್ತು ಇಟ್ಟ ಠೇವಣಿಯನ್ನು ಮರೆಮಾಚುವುದು. ಅಚೌರ್ಯದ ಕೆಳಗೆ ಹೆಚ್ಚುಕಡಿಮೆ ಮಾಡಿದ ಅಳತೆ ತೂಕಗಳು, ನಕಲಿ ಸರಕಿನ ವ್ಯಾಪಾರಗಳು ಬರುತ್ತವೆ. ಇಂದಿನ ಲೆಕ್ಕಪರಿಶೋಧಕನು ಹುಡುಕುವ ದೋಷಗಳ ಪಟ್ಟಿಯೂ ಇದಕ್ಕಿಂತ ಬಹಳ ದೂರವಿಲ್ಲ. ಶ್ರವಣಬೆಳಗೊಳದ ಶಾಸನಗಳಲ್ಲಿ, ನಿಧಿಯಾಗಿ ಇಟ್ಟ ಗದ್ಯಾಣಗಳ ಬಡ್ಡಿಯಿಂದ ಗೊಮ್ಮಟನ ಅಭಿಷೇಕಕ್ಕೆ ಹಾಲು ಸಲ್ಲಬೇಕೆಂದು ಬರೆಸಿದ ದತ್ತಿಗಳಿವೆ. ಅಸಲು ಕರಗಬಾರದು, ಬಡ್ಡಿ ಮಾತ್ರ ವ್ಯಯವಾಗಬೇಕು ಎಂಬ ನಿಯಮವನ್ನು ಅವರು ಕಲ್ಲಿನ ಮೇಲೆಯೇ ಕೊರೆಸಿದರು.

ಹರಿಹರವೂ ಶಾಸನಗಳ ಊರು. ಹೊಯ್ಸಳ ಇಮ್ಮಡಿ ನರಸಿಂಹನ ದಂಡನಾಯಕ ಪೋಲಾಳ್ವನು 1224ರಲ್ಲಿ ಹರಿಹರೇಶ್ವರ ದೇಗುಲವನ್ನು ಕಟ್ಟಿಸಿದನು; 1268ರಲ್ಲಿ ಸೋಮ ದಂಡನಾಯಕನು ಅದನ್ನು ವಿಸ್ತರಿಸಿದನು. ಇಲ್ಲಿನ ಶಾಸನಗಳು ಬಿ.ಎಲ್. ರೈಸ್ ಅವರ ‘ಎಪಿಗ್ರಾಫಿಯ ಕರ್ನಾಟಿಕ’ದ 11ನೆಯ ಸಂಪುಟದಲ್ಲಿ ಅಚ್ಚಾಗಿವೆ. ಇತಿಹಾಸದ ವಿದ್ಯಾರ್ಥಿಗಳು ಅವನ್ನು ಅರಸರ ಹೆಸರಿಗಾಗಿ ಓದುತ್ತಾರೆ, ವಾಣಿಜ್ಯದ ವಿದ್ಯಾರ್ಥಿಗಳು ಓದುವುದೇ ಇಲ್ಲ.

ಆಧುನಿಕ ಕಾಲದಲ್ಲಿ ಈ ಊರಿನ ಸ್ವರೂಪವನ್ನು ಎರಡು ಉದ್ಯಮಗಳು ಬದಲಾಯಿಸಿದವು. 1941ರಲ್ಲಿ ಸ್ಥಾಪನೆಯಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯು ಲೇತ್ ಯಂತ್ರಗಳಿಗೆ ಹೆಸರಾಗಿ, ಹಲವು ತಲೆಮಾರುಗಳಿಗೆ ಅನ್ನವನ್ನೂ ಕೈಗಸುಬನ್ನೂ ನೀಡಿ, ಹೊಸ ಶತಮಾನದ ಮೊದಲ ವರ್ಷಗಳಲ್ಲಿ ನಿಂತುಹೋಯಿತು. ಎರಡನೆಯದು ತುಂಗಭದ್ರೆಯ ಆಚೆಯ ದಡದಲ್ಲಿ, ಇಂದಿನ ಹಾವೇರಿ ಜಿಲ್ಲೆಯ ಕುಮಾರಪಟ್ಟಣದಲ್ಲಿರುವ ಹರಿಹರ ಪಾಲಿಫೈಬರ್ಸ್. ಗ್ರಾಸಿಮ್ ಸಂಸ್ಥೆಯ ಈ ಘಟಕವು 1972ರಲ್ಲಿ ಆರಂಭವಾಯಿತು. ನೀಲಗಿರಿ ಮರದಿಂದ ತಿರುಳನ್ನು ತೆಗೆದು ರೇಯಾನ್ ನೂಲಿಗೆ ಒದಗಿಸುವುದು ಅದರ ಕೆಲಸ.

ಸಂಶೋಧನೆಗೆ ನಿಜವಾದ ವಸ್ತುವು ದೊರೆಯುವುದು ಇಲ್ಲಿಯೇ. ಜಲಮಾಲಿನ್ಯ ನಿಯಂತ್ರಣ ಕಾಯಿದೆಯು ದೇಶದಲ್ಲಿ ಜಾರಿಗೆ ಬಂದದ್ದು 1974ರಲ್ಲಿ, ಎಂದರೆ ಕಾರ್ಖಾನೆಯು ಆರಂಭವಾದ ಎರಡು ವರ್ಷಗಳ ಅನಂತರ. 1980ರ ದಶಕದಲ್ಲಿ ನದಿಯ ಕೆಳಭಾಗದ ಗ್ರಾಮಸ್ಥರೂ ಮೀನುಗಾರರೂ ನೀರು ಕೆಡುತ್ತಿದೆ, ಮೀನು ಸಾಯುತ್ತಿದೆ ಎಂದು ದೂರಿದರು. ಅದೇ ಹೊತ್ತಿಗೆ ಮರದ ಪ್ರಶ್ನೆಯೂ ಎದ್ದಿತು. 1984ರಲ್ಲಿ ರಾಜ್ಯ ಸರ್ಕಾರವು ಈ ಕಂಪನಿಯೊಡನೆ ಕರ್ನಾಟಕ ಪಲ್ಪ್‌ವುಡ್ ಲಿಮಿಟೆಡ್ ಎಂಬ ಜಂಟಿ ಸಂಸ್ಥೆಯನ್ನು ಸ್ಥಾಪಿಸಿತು. ಶೇರುಗಳಲ್ಲಿ ಸರ್ಕಾರದ ಪಾಲು ಶೇ. 51, ಕಂಪನಿಯ ಪಾಲು ಶೇ. 49. ಧಾರವಾಡ, ಶಿವಮೊಗ್ಗ, ಚಿತ್ರದುರ್ಗ, ಚಿಕ್ಕಮಗಳೂರು ಜಿಲ್ಲೆಗಳ ಸುಮಾರು 30,000 ಹೆಕ್ಟೇರ್ ‘ಸಿ ಮತ್ತು ಡಿ’ ದರ್ಜೆಯ ಭೂಮಿಯಲ್ಲಿ ನೀಲಗಿರಿಯನ್ನು ಬೆಳೆಸುವುದು ಉದ್ದೇಶ. ಸರ್ಕಾರದ ಕಡತದಲ್ಲಿ ಅದು ಪಾಳುಭೂಮಿ. ಹಳ್ಳಿಯವರಿಗೆ ಅದು ದನ ಮೇಯುವ ಜಾಗ, ಸೌದೆಯ ಜಾಗ, ಗೊಬ್ಬರಕ್ಕೆ ಸೊಪ್ಪು ತರುವ ಜಾಗ.

ಸಮಾಜ ಪರಿವರ್ತನ ಸಮುದಾಯದ ಎಸ್.ಆರ್. ಹಿರೇಮಠ ಮತ್ತು ಸಂಗಡಿಗರು ಹಳ್ಳಿಗಳನ್ನು ಸಂಘಟಿಸಿದರು. ಡಾ. ಶಿವರಾಮ ಕಾರಂತರನ್ನು ಮುಂದಿಟ್ಟುಕೊಂಡು ಸುಪ್ರೀಂ ಕೋರ್ಟಿನಲ್ಲಿ ದಾವೆ ಹೂಡಲಾಯಿತು. 1987ರ ನವೆಂಬರ್ 14ರಂದು ಹಾನಗಲ್ಲು ತಾಲ್ಲೂಕಿನ ಕುಸನೂರಿನಲ್ಲಿ ‘ಕಿತ್ತಿಕೊ-ಹಚ್ಚಿಕೊ’ ಸತ್ಯಾಗ್ರಹವು ನಡೆಯಿತು. ಜನರು ನೀಲಗಿರಿ ಸಸಿಗಳನ್ನು ಕಿತ್ತು, ಊರಿಗೆ ಬೇಕಾದ ಸಸಿಗಳನ್ನು ನೆಟ್ಟರು. ಕಡೆಗೆ 1991ರಲ್ಲಿ ಸರ್ಕಾರವು ಆ ಸಂಸ್ಥೆಯನ್ನು ಮುಚ್ಚಲು ನಿರ್ಧರಿಸಿತು.

ಕಾರ್ಖಾನೆಯು ಸಾವಿರಾರು ಸಂಸಾರಗಳಿಗೆ ಆಧಾರವಾಗಿದೆ ಎಂಬುದನ್ನು ಮರೆತು ಈ ಕಥೆಯನ್ನು ಹೇಳುವುದು ನ್ಯಾಯವಲ್ಲ. ಆದರೆ ಲೆಕ್ಕಶಾಸ್ತ್ರಕ್ಕೆ ಇಲ್ಲೊಂದು ಗಂಭೀರವಾದ ಪ್ರಶ್ನೆಯಿದೆ. ಮರಕ್ಕೆ ತೆತ್ತ ಬೆಲೆ, ಕೂಲಿ, ವಿದ್ಯುತ್ತು, ಯಂತ್ರದ ಸವಕಳಿ ಇವೆಲ್ಲ ಖರ್ಚಿನ ಕಡೆ ಬರೆಯಲ್ಪಡುತ್ತವೆ. ಕೆಟ್ಟ ನೀರು, ಕಳೆದುಹೋದ ಹುಲ್ಲು, ಸೌದೆಗಾಗಿ ಹೆಂಗಸರು ಹೆಚ್ಚಾಗಿ ನಡೆದ ದಾರಿ ಯಾವ ಪುಟದಲ್ಲಿಯೂ ಬರುವುದಿಲ್ಲ. ಇಂಗ್ಲೆಂಡಿನ ಅರ್ಥಶಾಸ್ತ್ರಜ್ಞ ಪಿಗೂ ತಮ್ಮ 1920ರ ಗ್ರಂಥದಲ್ಲಿಯೇ ಇಂಥ ವೆಚ್ಚಗಳನ್ನು ಚರ್ಚಿಸಿದ್ದರು. ಬರೆಯದೆ ಬಿಟ್ಟ ಲೆಕ್ಕವನ್ನು ಕೂಟಲೇಖವೆಂದು ಕರೆಯಲಾಗದು, ಏಕೆಂದರೆ ಅಲ್ಲಿ ಕಾನೂನಿನ ಪ್ರಕಾರ ಸುಳ್ಳೇನೂ ಇಲ್ಲ. ಆದರೂ ಅದನ್ನು ಪೂರ್ಣ ಸತ್ಯವೆನ್ನಲು ನಾಲಗೆ ತಡವರಿಸುತ್ತದೆ. ರೇಷ್ಮೆಹುಳುವಿನ ಹಿಂಸೆ ಬೇಡವೆಂದು ರೇಷ್ಮೆಯನ್ನು ಬಿಟ್ಟು ರೇಯಾನ್ ಬಟ್ಟೆಯನ್ನು ಉಟ್ಟ ಮನೆತನಗಳು ನಮ್ಮ ಸಮಾಜದಲ್ಲಿ ಕಡಿಮೆಯಿಲ್ಲ. ಆ ನೂಲಿನ ತಿರುಳು ಯಾವ ನದಿಯ ದಡದಿಂದ ಬಂತೆಂದು ಕೇಳಿದವರು ವಿರಳ.

ಕಾನೂನು ಇತ್ತೀಚೆಗೆ ಸ್ವಲ್ಪ ಮುಂದೆ ಸರಿದಿದೆ. 2013ರ ಕಂಪನಿ ಕಾಯಿದೆಯು ನಿಗದಿತ ಗಾತ್ರದ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದ ಶೇ. 2ರಷ್ಟನ್ನು ಸಾಮಾಜಿಕ ಕಾರ್ಯಕ್ಕೆ ವೆಚ್ಚ ಮಾಡಬೇಕೆನ್ನುತ್ತದೆ. 2022-23ರಿಂದ ಶೇರುಪೇಟೆಯ ಮೊದಲ 1,000 ಕಂಪನಿಗಳು ನೀರು, ತ್ಯಾಜ್ಯಗಳ ವಿವರಗಳನ್ನು ಪ್ರಕಟಿಸಬೇಕಾಗಿದೆ. ಈಗ ಪ್ರಬಂಧಗಳೂ ಆ ಕಡೆ ತಿರುಗಿವೆ; ಆದರೆ ಕಂಪನಿಯು ತಾನೇ ಅಚ್ಚುಹಾಕಿದ ವರದಿಯನ್ನು ಸಂಗ್ರಹಿಸಿ ಕೊಡುವುದು ಸಂಶೋಧನೆಯಾಗಲಾರದು.

ಆಧಾರಗಳು ಇಲ್ಲವೆಂಬ ನೆಪವೂ ಸಲ್ಲದು. ಪಲ್ಪ್‌ವುಡ್ ಸಂಸ್ಥೆಯಲ್ಲಿ ಸರ್ಕಾರದ ಪಾಲು ಅರ್ಧಕ್ಕಿಂತ ಹೆಚ್ಚಿದ್ದುದರಿಂದ ಅದು ಮಹಾಲೇಖಪಾಲರ ಪರಿಶೋಧನೆಯ ವ್ಯಾಪ್ತಿಗೆ ಸೇರಿದ್ದು. ಗೋಮಾಳದ ವಿವರಗಳನ್ನು ತಾಲ್ಲೂಕು ಕಚೇರಿಗಳಲ್ಲಿ ಹುಡುಕಬೇಕು. ಕುಸನೂರಿನ ಹಿರಿಯರನ್ನು ಮಾತನಾಡಿಸಬೇಕು. ದಾವಣಗೆರೆಯಲ್ಲಿ 1979ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಸ್ನಾತಕೋತ್ತರ ಕೇಂದ್ರವಾಗಿ ಆರಂಭವಾಗಿ, 2009ರಲ್ಲಿ ಸ್ವತಂತ್ರ ವಿಶ್ವವಿದ್ಯಾನಿಲಯವಾದ ವಿದ್ಯಾಸಂಸ್ಥೆಯು ಈ ಎಲ್ಲ ಸ್ಥಳಗಳಿಗೆ ಬಸ್ಸಿನ ಹಾದಿಯಲ್ಲಿಯೇ ಇದೆ.

ಇನ್ನೊಂದು ಆಧಾರವು ದೇವಾಲಯಗಳ ಮತ್ತು ಬಸದಿಗಳ ಟ್ರಸ್ಟುಗಳ ಕೈಯಲ್ಲಿದೆ. ಬಟ್ಟೆಗೆ ಹುಣಿಸೆಬೀಜದ ಅಂಟನ್ನೂ ಇದ್ದಿಲ ಪುಡಿಯನ್ನೂ ಬಳಿದು, ಒಣಗಿಸಿ ಮಡಿಸಿ, ಬಳಪದಿಂದ ಬರೆಯುತ್ತಿದ್ದ ಕಡತಗಳು ಹಿಂದೆ ವರ್ತಕರ, ದೇವಸ್ಥಾನಗಳ ಲೆಕ್ಕಪುಸ್ತಕಗಳಾಗಿದ್ದವು. ಅವುಗಳ ಅನಂತರ ಕಾಗದದ ಖಾತೆಗಳು ಬಂದವು. ಪೂಜೆಗೆ ಕೊಂಡ ಅಕ್ಕಿ, ತುಪ್ಪ, ಕೊಬ್ಬರಿ, ಎಣ್ಣೆಗಳ ಧಾರಣೆ, ಗೇಣಿಯ ಜಮಾ, ಆಳುಗಳ ಸಂಬಳ ಇವು ವರ್ಷದಿಂದ ವರ್ಷಕ್ಕೆ ಒಂದೇ ಸ್ಥಳದಲ್ಲಿ ದೊರೆಯುವ ದಾಖಲೆಯು ಬೇರೆಡೆ ದುರ್ಲಭ. ಬೆಲೆಗಳ ಇತಿಹಾಸವನ್ನೂ, ಭೂಸುಧಾರಣೆಯ ಪರಿಣಾಮವನ್ನೂ ಅವುಗಳಿಂದಲೇ ಬರೆಯಬಹುದು. ಬರಹವು ಅಳಿಸುವ ಮೊದಲು, ಗೆದ್ದಲು ಮುಟ್ಟುವ ಮೊದಲು ಟ್ರಸ್ಟಿನವರು ಅವನ್ನು ಹೊರತೆಗೆದು, ಪಟ್ಟಿಮಾಡಿ, ತಮ್ಮ ಊರಿನ ಕಾಲೇಜಿನ ವಾಣಿಜ್ಯ ವಿಭಾಗಕ್ಕೆ ಒಂದು ಪತ್ರವನ್ನು ಬರೆದರೆ ಬರುವ ವರ್ಷದ ವಿದ್ಯಾರ್ಥಿಗಳಿಗೆ ವಿಷಯಗಳು ಸಿಕ್ಕಂತಾಗುತ್ತದೆ.