ಹೊಳೆ ದಾಟಿದವರು, ಸೇತುವೆ ಕಟ್ಟಿಸಿದವರು

ಬೆಳಗಾವಿಯಿಂದ ಕಿತ್ತೂರಿಗೆ ಹೊರಟ ಬಸ್ಸು ಎಂ.ಕೆ. ಹುಬ್ಬಳ್ಳಿಯ ಹತ್ತಿರ ಮಲಪ್ರಭೆಯನ್ನು ದಾಟುವುದಕ್ಕೆ ಒಂದು ನಿಮಿಷವೂ ಬೇಡ. ಕೈ ಮುಗಿಯುವವರು ಮುಗಿಯುತ್ತಾರೆ, ಚಿಲ್ಲರೆ ಎಸೆಯುವವರು ಎಸೆಯುತ್ತಾರೆ, ಉಳಿದವರು ಮೊಬೈಲಿನಲ್ಲಿ ಮುಳುಗಿರುತ್ತಾರೆ. ಇದೇ ಊರಿನ ಹೊಳೆಯೊಳಗೆ, ಬಾವಿಯಂಥ ಒಂದು ಕಟ್ಟಡದಲ್ಲಿ, ಬಸವಣ್ಣನ ಮಡದಿ ಗಂಗಾಂಬಿಕೆಯ ಐಕ್ಯಸ್ಥಳವಿದೆ. ಸಮಗಾರ ಹರಳಯ್ಯನ ಮಗನಿಗೂ ಬ್ರಾಹ್ಮಣ ಮಧುವರಸನ ಮಗಳಿಗೂ ಮದುವೆಯಾಯಿತೆಂದು ಇಬ್ಬರು ತಂದೆಯರನ್ನೂ ಕಲ್ಯಾಣದಲ್ಲಿ ಎಳೆಹೂಟೆ ಶಿಕ್ಷೆ ಕೊಟ್ಟು ಕೊಂದರು. ಆಮೇಲೆ ಉಳವಿಯ ಕಡೆ ಹೊರಟ ಶರಣರ ದಂಡು ಈ ಸೀಮೆಯನ್ನು ಹಾದುಹೋಯಿತು, ಕಾದರವಳ್ಳಿಯಲ್ಲಿ ಕಾದಾಡಿತು ಎಂದು ಇಲ್ಲಿಯ ಜನ ನಂಬಿಕೊಂಡು ಬಂದಿದ್ದಾರೆ. ಹನ್ನೆರಡನೆಯ ಶತಮಾನದ ಆ ಜನಕ್ಕೆ ಸೇತುವೆ ಇರಲಿಲ್ಲ. ಬೆನ್ನ ಹಿಂದೆ ಕುದುರೆ, ಮುಂದೆ ಹೊಳೆ.

ಹೊಳೆ ದಾಟಿದವರ ಚರಿತ್ರೆ ಹೀಗೆ ಜನರ ಬಾಯಲ್ಲಿ ಉಳಿದಿದೆ. ಸೇತುವೆ ಕಟ್ಟಿಸಿದವರ ಚರಿತ್ರೆಗೆ ಕಲ್ಲೇ ಬೇಕು. ಶ್ರೀರಂಗಪಟ್ಟಣದ ವೆಲ್ಲೆಸ್ಲಿ ಸೇತುವೆಯನ್ನು ನೋಡಿ. ಟಿಪ್ಪು ಬಿದ್ದದ್ದು 1799ರಲ್ಲಿ. ಐದೇ ವರ್ಷದಲ್ಲಿ, 1804ಕ್ಕೆ, ಅದೇ ಊರಿನ ಕಾವೇರಿಗೆ ಕಲ್ಲಿನ ಸೇತುವೆ ಬಂತು. ಕಟ್ಟಿಸಿದವರು ದಿವಾನ್ ಪೂರ್ಣಯ್ಯ. ಟಿಪ್ಪುವಿನ ಆಸ್ಥಾನದಲ್ಲೂ ಇದ್ದವರು, ಟಿಪ್ಪುವನ್ನು ಕೊಂದವರ ಕಾಲದಲ್ಲೂ ಇದ್ದವರು. ಹೆಸರು ಮಾತ್ರ ಗವರ್ನರ್ ಜನರಲ್ ಮಾರ್ಕ್ವಿಸ್ ವೆಲ್ಲೆಸ್ಲಿಯದು. ಸೋತ ರಾಜಧಾನಿಯ ಹೊಳೆಗೆ ಗೆದ್ದವನ ಹೆಸರಿನ ಸೇತುವೆ! ಅದರ ಕಲ್ಲಿನ ಕಂಬಗಳು ಎರಡು ಶತಮಾನ ದಾಟಿ ನಿಂತಿವೆ, ಅದು ಸಣ್ಣ ಮಾತಲ್ಲ. ಆದರೆ ಆ ಕಂಬಗಳನ್ನು ಸೀಳಿ, ಹೊತ್ತು, ನೀರಿನೊಳಗೆ ನಿಲ್ಲಿಸಿದ ಕೈಗಳು ಯಾವ ಕೇರಿಯವು ಎಂದು ನಮ್ಮ ಪಠ್ಯಪುಸ್ತಕಗಳು ಕೇಳುವುದಿಲ್ಲ. ಪೂರ್ಣಯ್ಯ ‘ಕಟ್ಟಿದರು’ ಎಂದು ಬರೆದು ಮುಗಿಸುತ್ತವೆ. ಕನ್ನಡದಲ್ಲಿ ‘ಕಟ್ಟಿದರು’, ‘ಕಟ್ಟಿಸಿದರು’ ಎಂಬ ಎರಡು ಮಾತು ಬೇರೆ ಬೇರೆ ಇವೆ. ಚರಿತ್ರೆಕಾರರು ಈ ಒಂದು ‘ಇಸು’ ಪ್ರತ್ಯಯವನ್ನು ನುಂಗಿದ್ದರಿಂದ ಎಷ್ಟು ಜನ ಕಾಣೆಯಾದರೋ!

ನಮ್ಮ ಕಿತ್ತೂರು ಸೀಮೆಯಲ್ಲಿ ಕಂಪನಿಗೆ ಇಷ್ಟು ಸಲೀಸಾಗಲಿಲ್ಲ. 1824ರ ಅಕ್ಟೋಬರ್ 23ರಂದು ಠ್ಯಾಕರೆ ಇಲ್ಲಿಯೇ ಸತ್ತ. ಡಿಸೆಂಬರಿನಲ್ಲಿ ಹೊರಗಿನಿಂದ ದೊಡ್ಡ ದಂಡು ಬಂದ ಮೇಲೆ ಕೋಟೆ ಬಿತ್ತು. ಅದಾದ ಮೇಲೂ ಸಂಗೊಳ್ಳಿಯ ರಾಯಣ್ಣ ಹಳ್ಳ, ಹೊಳೆ, ಕಾಡುಗಳನ್ನೇ ಆಸರೆ ಮಾಡಿಕೊಂಡು ಓಡಾಡಿದ. ದಾರಿ ಇಲ್ಲದ ಕಡೆ ಸರಕಾರಕ್ಕೆ ಕಷ್ಟ, ಬಂಡಾಯಗಾರನಿಗೆ ಅನುಕೂಲ. ಕೊನೆಗೆ ಅವನು ಸಿಕ್ಕಿಬಿದ್ದದ್ದೂ ಹಳ್ಳದಲ್ಲಿ ಸ್ನಾನಕ್ಕಿಳಿದಾಗ ಎನ್ನುತ್ತದೆ ಜನರ ಕತೆ. 1831ರ ಜನವರಿ 26ರಂದು ನಂದಗಡದಲ್ಲಿ ಅವನನ್ನು ಗಲ್ಲಿಗೇರಿಸಿದರು. ದಂಡು ಬೇಗ ಬರಬೇಕು, ಹತ್ತಿ ಬೇಗ ಬಂದರಿಗೆ ಹೋಗಬೇಕು: ಮುಂದೆ ಈ ಸೀಮೆಯಲ್ಲಿ ಬಿದ್ದ ರಸ್ತೆ, ರೈಲು, ಸೇತುವೆಗಳ ಹಿಂದೆ ಈ ಎರಡು ಆತುರಗಳು ಇದ್ದೇ ಇದ್ದವು.

ಮೂರನೆಯದು ಬರ. 1876-78ರ ಬರದಲ್ಲಿ ಮುಂಬಯಿ ಪ್ರಾಂತ್ಯದ ಕನ್ನಡ ಜಿಲ್ಲೆಗಳೂ ಬೆಂದವು. ಸರಕಾರ ಪರಿಹಾರ ಕಾಮಗಾರಿ ತೆಗೆಯಿತು: ಮಣ್ಣು ಹೊರು, ಜಲ್ಲಿ ಒಡಿ, ಕಾಳು ತಗೋ. ವೈಸ್‌ರಾಯ್ ಲಿಟ್ಟನ್ ಕಳಿಸಿದ ರಿಚರ್ಡ್ ಟೆಂಪಲ್, ಒಬ್ಬ ಗಂಡಾಳಿಗೆ ದಿನಕ್ಕೆ ಒಂದು ಪೌಂಡು ಕಾಳು, ಮೇಲೆ ಒಂದಿಷ್ಟು ಚಿಲ್ಲರೆ ಸಾಕೆಂದು ಗೊತ್ತುಮಾಡಿದ. ಹೆಣ್ಣಾಳಿಗೆ ಅದಕ್ಕಿಂತ ಕಡಿಮೆ. ಅದಕ್ಕೆ ‘ಟೆಂಪಲ್ ಕೂಲಿ’ ಎಂದೇ ಹೆಸರಾಯಿತು. (ಹೆಸರೇ ಗುಡಿ. ನಮಗೆ ಅದರ ಹೊರಗೆ ನಿಂತು ಗೊತ್ತು.) ಮುಂಬಯಿ ಪ್ರಾಂತ್ಯದ ಕೂಲಿಗಳು ಕಾಮಗಾರಿ ಬಿಟ್ಟು ಮುಷ್ಕರ ಹೂಡಿದರು. ಅದೇ ಟೆಂಪಲ್ 1877ರಲ್ಲಿಯೇ ಮುಂಬಯಿಯ ಗವರ್ನರನಾದ. ಬರದ ಆಯೋಗ 1880ರಲ್ಲಿ ರೈಲು ಹಾಕಿರೆಂದಿತು. 1882ರಲ್ಲಿ ಸದರ್ನ್ ಮರಾಠಾ ರೈಲ್ವೆ ಕಂಪನಿ ಹುಟ್ಟಿತು. ಲೋಂಡಾದಿಂದ ಬೆಳಗಾವಿಗೆ ಹೋಗುವ ಹಳಿ ಖಾನಾಪುರದ ಕಡೆ ಮಲಪ್ರಭೆಯನ್ನು ದಾಟಿತು. ಜಮೀನಿದ್ದವರು ಜಮೀನು ಅಡವಿಟ್ಟು ತಿಂದರು. ಅಡವಿಡಲು ಮೈಯೊಂದೇ ಇದ್ದವರು ಬುಟ್ಟಿ ಹೊತ್ತರು. ಬರಗಾಲದ ಕಾಮಗಾರಿಯನ್ನು ಜಾತಿಯ ಕಣ್ಣಿನಿಂದ ಓದಿದರೆ ಮೊದಲು ಕಾಣುವುದು ಈ ವ್ಯತ್ಯಾಸ.

ಇಷ್ಟು ಹೇಳಿ ಸೇತುವೆ ಎಂದರೆ ಪ್ರಭುತ್ವದ ಕುತಂತ್ರ ಎಂದು ಮುಗಿಸಿಬಿಡಬಹುದು. ಹಾಗೆ ಬರೆಯುವ ಗೆಳೆಯರೂ ನಮ್ಮಲ್ಲಿದ್ದಾರೆ. ನನಗೆ ಆಗುವುದಿಲ್ಲ. ನಮ್ಮವ್ವ ಹೇಳುತ್ತಿದ್ದ ಮಾತು ಅಡ್ಡ ಬರುತ್ತದೆ: “ಹರಗೋಲದಾಗ ನಾವು ಕಡೀಕ ಏರಬೇಕಿತ್ತು, ತಮ್ಮಾ. ಮಂದಿ ಇಳಿದು ಹೋದ ಮ್ಯಾಲ ಇಳೀಬೇಕಿತ್ತು. ಒಮ್ಮೊಮ್ಮೆ ನಮಗಂತನ ಬ್ಯಾರೆ ಸರತಿ, ಹೊತ್ತು ಮುಳುಗೂತನಕ ಕುಂಡ್ರೂದು. ಪೂಲು ಆದ ಮ್ಯಾಲ ನೋಡು, ಯಾರಪ್ಪಂದೇನ?” ಹರಿಗೋಲಿಗೆ ಜಾತಿ ಗೊತ್ತಿತ್ತು. ಸೇತುವೆಗೆ ಗೊತ್ತಿಲ್ಲ. ಹಳ್ಳಿಯ ಹಳೆಯ ಬದುಕನ್ನು ನೆನೆದು ಕಣ್ಣೀರು ಹಾಕುವ ನಮ್ಮ ಸಾಹಿತಿಗಳಿಗೆ ಈ ‘ಯಾರಪ್ಪಂದೇನ’ ಎಂಬ ಮಾತಿನ ಬಿಡುಗಡೆ ತಿಳಿಯಲಾರದು.

ಹಾಗಾದರೆ ಸೇತುವೆಯ ಮೇಲೆ ಜಾತಿ ಇಲ್ಲವೆ? ಇದಕ್ಕೆ ಉತ್ತರ ನಮ್ಮದೇ ಹಳೆಯ ಮುಂಬಯಿ ಪ್ರಾಂತ್ಯದ ಖಾನದೇಶದಲ್ಲಿ, ಚಾಳೀಸಗಾಂವಿಯಲ್ಲಿದೆ. 1929. ಅಸ್ಪೃಶ್ಯರ ಕಷ್ಟಗಳ ವಿಚಾರಣೆಗೆ ಸರಕಾರ ನೇಮಿಸಿದ ಸಮಿತಿಯ ಸದಸ್ಯರಾಗಿ ಬಾಬಾಸಾಹೇಬ ಅಂಬೇಡ್ಕರ್ ಆ ಕಡೆ ಹೋಗಿದ್ದರು. ವಾಪಸು ಬರುವಾಗ ಚಾಳೀಸಗಾಂವಿಯಲ್ಲಿ ಇಳಿದರು. ಅಲ್ಲಿಯ ಮಹಾರವಾಡದವರು ಒಂದು ರಾತ್ರಿ ಇದ್ದುಹೋಗಬೇಕೆಂದು ಕರೆದರು. ಸ್ಟೇಶನ್ನಿನಿಂದ ಮಹಾರವಾಡಕ್ಕೆ ಟಾಂಗಾ ಬೇಕು. ಒಬ್ಬ ಟಾಂಗಾದವನೂ ಒಪ್ಪಲಿಲ್ಲ. ಕೊನೆಗೆ ರಾಜಿಯಾಯಿತು: ಟಾಂಗಾ ಕೊಡುತ್ತೇವೆ, ನಾವು ಹೊಡೆಯುವುದಿಲ್ಲ. ಎಂದೂ ಲಗಾಮು ಹಿಡಿಯದ ಒಬ್ಬ ಮಹಾರ ಹಿಡಿದ. ಹಾದಿಯಲ್ಲಿ ಹೊಳೆಯ ಮೇಲೊಂದು ಮೋರಿ. ಅದಕ್ಕೆ ತಡೆಗೋಡೆ ಇಲ್ಲ, ಅಲ್ಲೊಂದು ಇಲ್ಲೊಂದು ನಿಲ್ಲಿಸಿದ ಕಲ್ಲು. ಗಾಲಿ ಕಲ್ಲಿಗೆ ಬಡಿಯಿತು. ಕುದುರೆ, ಗಾಡಿ ಹೊಳೆಗೆ ಬಿದ್ದವು. ಬಾಬಾಸಾಹೇಬರು ಮೋರಿಯ ಕಲ್ಲುಹಾಸಿನ ಮೇಲೆ ಬಿದ್ದು ಬಲಗಾಲು ಮುರಿದುಕೊಂಡರು. ಅವರೇ ‘ವೇಟಿಂಗ್ ಫಾರ್ ಎ ವೀಸಾ’ದಲ್ಲಿ ಇದನ್ನು ಬರೆದಿದ್ದಾರೆ.

ಈ ಪ್ರಸಂಗವನ್ನು ನಾವು ಅವಮಾನದ ಕತೆಯಾಗಿ ಮಾತ್ರ ಓದಿದ್ದೇವೆ. ಎಂಜಿನಿಯರಿಂಗಿನ ಚರಿತ್ರೆಯಾಗಿಯೂ ಓದಬೇಕು. ಸಾಮ್ರಾಜ್ಯ ರೈಲು ತಂದಿತ್ತು, ಮೋರಿ ಕಟ್ಟಿತ್ತು, ಸಮಿತಿಯನ್ನೂ ನೇಮಿಸಿತ್ತು. ಲಗಾಮು ಮಾತ್ರ ಜಾತಿಯ ಕೈಯಲ್ಲಿತ್ತು. ಮೋರಿ ಬ್ಯಾರಿಸ್ಟರನ ಜಾತಿ ಕೇಳಲಿಲ್ಲ ನಿಜ. ಮೋರಿಯ ತನಕ ಒಯ್ಯುವವನು ಕೇಳಿದ. ಸೇತುವೆಯ ಬಲವನ್ನು ಅದು ಹೊರುವ ಭಾರದಿಂದ ಅಳೆಯುವುದು ಎಂಜಿನಿಯರರ ಪದ್ಧತಿ. ಪ್ರಭುತ್ವದ ಬಲವನ್ನು ನಾವು ಚಾಳೀಸಗಾಂವಿಯ ಆ ನಾಲ್ಕು ಗೇಣು ಎತ್ತರದ ಸೀಟಿನಿಂದ ಅಳೆಯಬೇಕಾಗುತ್ತದೆ.

ಈಗ ಅಳತೆಗಳು ಬೇರೆ. 2025ರ ಜೂನ್ 6ರಂದು ಜಮ್ಮು ಕಾಶ್ಮೀರದಲ್ಲಿ ಚೆನಾಬ್ ರೈಲು ಸೇತುವೆಯನ್ನು ಪ್ರಧಾನಿ ಉದ್ಘಾಟಿಸಿದರು. ಹೊಳೆಯಿಂದ 359 ಮೀಟರ್ ಎತ್ತರ, ಐಫೆಲ್ ಗೋಪುರಕ್ಕಿಂತ ಮೇಲು ಎಂದು ಪೇಪರುಗಳು ಹೊಗಳಿದವು. ಅದೇ ಸೆಪ್ಟೆಂಬರಿನಲ್ಲಿ ಚೀನಾ ತನ್ನ ಗುಯ್‌ಜೋ ಪ್ರಾಂತ್ಯದಲ್ಲಿ 625 ಮೀಟರ್ ಎತ್ತರದ್ದನ್ನು ತೆರೆಯಿತು. ಎರಡು ದೇಶಗಳು ಮೀಟರಿನಲ್ಲಿ ಮೀಸೆ ತಿರುವುತ್ತಿವೆ. ನಮ್ಮ ರಾಜ್ಯದ್ದೇ ಹೇಳುವುದಾದರೆ, 1964ರಲ್ಲಿ ಲಿಂಗನಮಕ್ಕಿಯ ನೀರು ನಿಲ್ಲಿಸಿ ಶರಾವತಿಯ ಜನರ ದಾರಿಯನ್ನು ಮುಳುಗಿಸಿದ ಪ್ರಭುತ್ವ, ಸಿಗಂದೂರಿನ ಕಡೆಗೆ ಸೇತುವೆ ಕೊಟ್ಟದ್ದು 2025ರ ಜುಲೈಯಲ್ಲಿ. ದೀಪಕ್ಕೆ ಆತುರ, ದಾರಿಗೆ ಅರವತ್ತು ವರ್ಷ. ಆ ವರ್ಷಗಳೆಲ್ಲ ಜನ ಲಾಂಚಿನ ಸರತಿಯಲ್ಲಿ ನಿಂತರು.

2019ರ ಆಗಸ್ಟಿನಲ್ಲಿ ಮಲಪ್ರಭೆ ಏರಿದಾಗ ಮುನವಳ್ಳಿ, ರಾಮದುರ್ಗದ ಕಡೆಯ ಊರುಗಳಿಗೆ ನೀರು ಹೊಕ್ಕಿತು. ಆ ವಾರ ನಿಪ್ಪಾಣಿಯ ಹತ್ತಿರ ವೇದಗಂಗೆ ಏರಿ ರಾಷ್ಟ್ರೀಯ ಹೆದ್ದಾರಿಯೇ ಬಂದಾಯಿತು. ಮುಂಬಯಿ–ಚೆನ್ನೈ ನಡುವಿನ ಲಾರಿಗಳು ಸಾಲುಗಟ್ಟಿ ನಿಂತದ್ದನ್ನು ಟೀವಿಯವರು ದಿನವಿಡೀ ತೋರಿಸಿದರು. ಹೆದ್ದಾರಿ ಕೆಲವು ದಿನದಲ್ಲಿ ತೆರೆಯಿತು.

ನಮ್ಮೂರು ಆ ಹೆದ್ದಾರಿಯಿಂದ ದೂರವೇನಿಲ್ಲ. ಊರಿನ ಸುಡುಗಾಡು ಊರ ಪಕ್ಕಕ್ಕೇ ಇದೆ. ಕೇರಿಯ ಸುಡುಗಾಡು ಹಳ್ಳದ ಆಚೆ. ನಮ್ಮ ಕಾಕಾ ತೀರಿಹೋದದ್ದು ಮಳೆಗಾಲದಲ್ಲಿ. ಹಳ್ಳಕ್ಕೆ ಒಂದು ಸಣ್ಣ ಪೂಲು ಬೇಕೆಂದು ಅರ್ಜಿ ಬರೆದು ಕೊಟ್ಟವನು ಅವನೇ. ಎರಡು ಸಲ ಯಾರೋ ಬಂದು ಟೇಪು ಹಿಡಿದು ಅಳೆದು ಹೋಗಿದ್ದರು. ನಾವು ಆರು ಜನ ಎದೆಮಟ್ಟ ನೀರಿನಲ್ಲಿ ಚಟ್ಟವನ್ನು ತಲೆಯ ಮೇಲೆ ಎತ್ತಿ ಹಿಡಿದು ದಾಟಿದೆವು. ನಡುನೀರಿನಲ್ಲಿ ನಿಂತಾಗ ಹೆದ್ದಾರಿಯ ಲಾರಿಗಳ ಸದ್ದು ಕೇಳುತ್ತಿತ್ತು. ಮುಂದೆ ಹೋಗುತ್ತಿದ್ದ ನಮ್ಮಣ್ಣ ಕೋಲಿನಿಂದ ನೆಲ ತಡವುತ್ತ, “ಇಲ್ಲಿ ಕಲ್ಲೈತಿ, ಕಾಲಿಡ್ರಿ” ಅಂತ ಹೇಳುತ್ತಿದ್ದ.